ಕೊನೆಯ ನುಡಿ ಇಲ್ಲದ ಪದ

ವಿಜಯಪುರದ ಜೋರಾಪುರ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅರ್ಜಿ ಟೈಪ್ ಮಾಡಿಕೊಡುತ್ತೇನೆ, ಪಹಣಿ ತೆಗೆದುಕೊಡುತ್ತೇನೆ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಸಂಜೆ ಶಟರ್ ಎಳೆದರೆ ಮರುದಿನ ಬೆಳಗಿನವರೆಗೆ ನನ್ನ ಜೊತೆ ಒಂದು ಮಾತಾಡುವ ಜೀವ ಇರುತ್ತಿರಲಿಲ್ಲ. ಅದನ್ನು ತಾಳಲಾರದೆ ಏಳೆಂಟು ವರ್ಷದ ಹಿಂದೆ ಒಂದು ವೆಬ್‌ಸೈಟ್ ಮಾಡಿದೆ. ಜಾನಪದ ಉಳಿಸುತ್ತೇನೆ ಅಂತೆಲ್ಲ ಆಮೇಲೆ ಜಂಬ ಕೊಚ್ಚಿಕೊಂಡೆ, ಅದು ಬೇರೆ. ನಮ್ಮ ಕಡೆಯ ಡೊಳ್ಳಿನ ಪದ, ಭಜನಿ ಪದ ಯಾರ ಹತ್ತಿರ ಇದ್ದರೂ ಅಲ್ಲಿ ಏರಿಸಬಹುದು, ಬೇಕಾದವರು ಇಳಿಸಿಕೊಳ್ಳಬಹುದು. ಇಷ್ಟೇ ಅದರ ಕೆಲಸ.

ಜನ ಬಂದರು. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋದವರು, ಪುಣೆ ಕಡೆ ಲಾರಿ ಓಡಿಸುವವರು, ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಹೋದವರು. ಹಾಡಿನ ಕೆಳಗೆ 'ಅಣ್ಣಾ, ಊರಿಗೆ ಬಂದಂಗ ಆತು ನೋಡು' ಎಂದು ಬರೆಯುತ್ತಿದ್ದರು. ಒಬ್ಬೊಬ್ಬರಿಗೂ ಉತ್ತರ ಬರೆದೆ. ಅವರದು ಒಂದು ಸಾಲಾದರೆ ನನ್ನದು ನಾಲ್ಕು. ಇವನಿಗೆ ಬೇರೆ ಉದ್ಯೋಗ ಇಲ್ಲ ಅಂದುಕೊಂಡಿರಬೇಕು. ನಿಜವಾಗಿಯೂ ಇರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ತಿಕೋಟಾದಲ್ಲಿ. ಅಲ್ಲಿಂದ ಕಳ್ಳಕವಟಗಿಗೆ ಹೋಗಿ ಬಂದು ಮಾಡುತ್ತ ಹದಿನೆಂಟು ವರ್ಷ ಒಂದು ಡೊಳ್ಳಿನ ಮೇಳದಲ್ಲಿ ಹಿಮ್ಮೇಳ ಹಾಡಿದವನು. ಮೇಳ ಕಟ್ಟಿದ ಹಿರಿಯರನ್ನು ನಾವೆಲ್ಲ ಮಾಸ್ತರು ಅನ್ನುತ್ತಿದ್ದೆವು. ಅವರು ಸಾಲಿಯ ಕಟ್ಟೆ ಹತ್ತಿದವರಲ್ಲ. ಸಹಿಯಷ್ಟು ಬರುತ್ತಿತ್ತು. ಕುರಿಯ ಹಿಂದೆ ನಡೆಯುತ್ತ ಪದ ಕಟ್ಟುತ್ತಿದ್ದರು, ಸಂಜೆ ನಮಗೆ ಬಾಯಿಪಾಠ ಮಾಡಿಸುತ್ತಿದ್ದರು. ಎಲ್ಲಿಯಾದರೂ ನಾನು ತಾಳ ತಪ್ಪಿದರೆ ಹಾಡುತ್ತಲೇ ಹಿಂದೆ ಕೈ ಚಾಚಿ ನನ್ನ ತೊಡೆಗೆ ಒಂದು ಬಿಗಿಯುತ್ತಿದ್ದರು.

ಡೊಳ್ಳಿನ ಪದಕ್ಕೆ ಒಂದು ಕಟ್ಟಳೆ ಉಂಟು. ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಪದ ಕಟ್ಟಿದವನ ಊರು, ಗುರು, ಹೆಸರು ಬರುತ್ತವೆ. ಯಾವ ಊರಿನ ಮೇಳ ಯಾರ ಪದವನ್ನಾದರೂ ಹಾಡಬಹುದು, ಯಾರ ಅಪ್ಪಣೆಯೂ ಬೇಡ. ಆದರೆ ಕೊನೆಯ ನುಡಿ ಬಿಡುವ ಹಾಗಿಲ್ಲ. "ಪದ ಯಾರರೆ ಹಾಡ್ಲಿ. ಕೊನೀ ನುಡಿ ನುಂಗಿದಾಂವ ಮಾತ್ರ ಕಳ್ಳ" ಎನ್ನುತ್ತಿದ್ದರು ಮಾಸ್ತರು. ನಮ್ಮಲ್ಲಿ ಕಾಪಿರೈಟ್ ಅಂದರೆ ಅಷ್ಟೇ ಇತ್ತು.

ಸಂಜೆ ಹಟ್ಟಿಗೆ ಬಂದ ಹಿಂಡಿನಲ್ಲಿ ಒಂದು ಮರಿ ಕಡಿಮೆ ಎಂದು ಗೊತ್ತಾಗಿ ತಿರುಗಿ ಅಡವಿಗೆ ಹೋಗುವ ಹೆಣ್ಣುಮಗಳ ಮೇಲೆ ಅವರೊಂದು ಪದ ಕಟ್ಟಿದ್ದರು. ತಿಕೋಟಾದ ಪರಿಚಯದವರ ಮನೆಯಲ್ಲಿ ನಾವು ಅದನ್ನು ಹಾಡಿದಾಗ ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ಅದು ಕೈಯಿಂದ ಕೈಗೆ ಹೋಗಿ, ವರ್ಷಗಳ ಮೇಲೆ ನನ್ನ ವೆಬ್‌ಸೈಟಿಗೇ ಬಂದು ಬಿತ್ತು. ಬಬಲೇಶ್ವರ ಕಡೆಯ ಒಬ್ಬ ಹಾಡುಗಾರ ಏರಿಸಿದ್ದ. ಕೊನೆಯ ನುಡಿಯನ್ನು ಕತ್ತರಿಸಿ, ಅಲ್ಲಿ ತನ್ನ ಮೇಳದ ಹೆಸರು ಹೇಳಿದ್ದ.

ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಗೊತ್ತಾಗದೆ ಏನು, ಸಾಲಿನ ಕೊನೆಯಲ್ಲಿ ಸ್ವರ ಎತ್ತಿ ಹಿಡಿಯುವವನು ನಾನೇ. ನಾಳೆ ಅವನಿಗೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಆ ಪದಕ್ಕೆ ಜನ ಮುಗಿಬಿದ್ದರು. ದಿನ ಬೆಳಗಾದರೆ ಹೊಸಬರು ಬರೆಯುತ್ತಿದ್ದರು, ನಾನು ಉತ್ತರ ಕೊಡುತ್ತ ಕೂತೆ. ನಾಳೆ ಬರಲಿಲ್ಲ.

ಅದಕ್ಕೂ ಹಿಂದೆ, ಬೇರೊಂದು ಹಾಡಿನ ಸಲುವಾಗಿ ಒಂದು ಕಂಪನಿಯವರು ನೋಟಿಸು ಕಳಿಸಿದ್ದಾಗ ಒಬ್ಬ ವಕೀಲರ ಹತ್ತಿರ ಓಡಿದ್ದೆ. ಅವರು ತಿಳಿಸಿ ಹೇಳಿದ್ದರು. "ಮಂದಿ ತಂದು ನಿನ್ನ ಜಾಗಾದಾಗ ಇಟ್ಟಾರ, ಅಷ್ಟಕ್ಕ ನೀ ಕಳ್ಳ ಆಗೂದಿಲ್ಲ. ಆದ್ರ ಇದು ಮತ್ತೊಬ್ಬರ ಮಾಲು ಅಂತ ಗೊತ್ತಾದ ಮ್ಯಾಲೂ ಇಟ್ಕೊಂಡಿ ಅಂದ್ರ ನೀನೂ ಪಾಲುದಾರ." ಹಕ್ಕುಳ್ಳವರು ಬರೆದು ದೂರು ಕೊಟ್ಟರೆ ಮೂವತ್ತಾರು ತಾಸಿನೊಳಗೆ ತೆಗೆಯಬೇಕು. ಇಪ್ಪತ್ತೊಂದು ದಿನದೊಳಗೆ ಅವರು ಕೋರ್ಟಿನ ಆದೇಶ ತರದಿದ್ದರೆ ತಿರುಗಿ ಹಾಕಬಹುದು. ಹಾಕಲೇಬೇಕು ಅಂತ ಏನಿಲ್ಲ ಎಂದೂ ಹೇಳಿದ್ದರು. ನಾನು ಮೂವತ್ತಾರು ಮತ್ತು ಇಪ್ಪತ್ತೊಂದನ್ನು ಗಟ್ಟಿ ಮಾಡಿಕೊಂಡೆ, ಉಳಿದದ್ದನ್ನು ನನ್ನ ಅನುಕೂಲಕ್ಕೆ ಮರೆತೆ.

ಒಂದು ಮಧ್ಯಾಹ್ನ ಮಾಸ್ತರು ಬಸ್ಸಿಳಿದು ಅಂಗಡಿಗೆ ಬಂದರು. ಕೈಚೀಲದಲ್ಲಿ ನನಗೆಂದು ಒಣದ್ರಾಕ್ಷಿ. ಗಂಟಲ ಬೇನೆಯಾಗಿ ಅವರ ದನಿ ಪೂರ್ತಿ ಒಡೆದಿತ್ತು. ಹಾಡುವುದು ನಿಂತು ಎರಡು ವರ್ಷವಾಗಿತ್ತು.

"ಬಬಲೇಶ್ವರ ಸಂತಿಗೆ ಹೋಗಿದ್ದೆ ತಮ್ಮಾ. ಮೊಬೈಲ್ ಅಂಗಡಿ ಮುಂದ ನಮ್ಮ ಪದ ಹಚ್ಚಿದ್ರು. ನಿಂತ್ಕೊಂಡು ಕೇಳಿದ್ನಿ. ಕೊನೀ ನುಡಿ ಬರೂದರಾಗ ಕಟ್ ಆತು, ಮತ್ತ ಯಾವನೋ ತನ್ನ ಮೇಳದ್ದು ಅಂತ ಹೇಳ್ದ. ಅಂಗಡ್ಯಾಂವಗ ಇದು ನಂದಪ್ಪಾ ಅಂದ್ರ, ನನ್ನ ದನಿ ಕೇಳಿ ನಕ್ಕುಬಿಟ್ಟ. ಎಲ್ಲಿಂದ ತಂದಿ ಅಂದೆ. ನಿನ್ನ ವೆಬ್‌ಸೈಟ್ ತೋರ್ಸಿದ. ಹಂಗಾರ ಚಿಂತಿಲ್ಲ, ಅದು ನಮ್ಮ ಹುಡುಗಂದ ಐತಿ ಅಂತ ಬಂದ್ನಿ."

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. "ಯಪ್ಪಾ, ಅದಕ್ಕ ಅರ್ಜಿ ಕೊಡಬೇಕಾಗ್ತೈತಿ" ಅಂದೆ.

"ಯಾರಿಗಿ?"

"ನನಗ."

"ಬರಿಯಾಂವ ಯಾರು?"

"ನಾನ ಬರೀತೀನಿ."

ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಲೋ ಐತಿ ಬಿಡಲೇ. ನೀನ ಬರಿ, ನೀನ ತಗೋ." ನಾನು ಟೈಪ್ ಮಾಡಿದೆ, ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಅವರ ಎದುರಿಗೇ ಪದವನ್ನು ತೆಗೆದುಹಾಕಿದೆ. ಇಪ್ಪತ್ತೊಂದು ದಿನದ ಮಾತನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಅವರಿಗೆ ತಿಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬಬಲೇಶ್ವರ ಕಡೆಯ ಹಾಡುಗಾರ ಮರುದಿನವೇ ಫೋನಿನಲ್ಲಿ ಹರಿಹಾಯ್ದ. "ಅವರ್ದ ಅನ್ನಾಕ ಅದರಾಗ ಏನ್ ಗುರ್ತು ಐತ್ರಿ? ಅವರ ಹೆಸರು ಎಲ್ಲಿ ಐತಿ ತೋರ್ಸ್ರಿ" ಎಂದ. ಗುರುತನ್ನು ಕತ್ತರಿಸಿ ಒಗೆದವನೇ ಗುರುತು ಕೇಳುತ್ತಿದ್ದ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಯಾಕೆಂದರೆ, ತನ್ನ ಹಾಡು ಕೇಳುವ ಮಂದಿಯನ್ನೆಲ್ಲ ಕರೆದುಕೊಂಡು ಬೇರೆ ವೆಬ್‌ಸೈಟಿಗೆ ಹೋಗುತ್ತೇನೆ ಎಂದು ಅವನು ಹೆದರಿಸಿದ್ದ. ನಾನು ಹೆದರಿದ್ದೆ.

'ಅಣ್ಣಾ, ಆ ಪದ ಎಲ್ಲಿ ಹೋತು' ಎಂದು ಒಂದೆರಡು ದಿನ ಜನ ಕೇಳಿದರು. ಆಮೇಲೆ ಕೇಳುವವರೂ ಕಡಿಮೆಯಾದರು. ಸಂಜೆ ಕಂಪ್ಯೂಟರ್ ಮುಂದೆ ಕೂತರೆ ಓದಲು ಏನೂ ಇರುತ್ತಿರಲಿಲ್ಲ. ಚಹಾ ಮಾಡಿಕೊಂಡು ಒಬ್ಬನೇ ಕುಡಿಯುತ್ತಿದ್ದೆ, ಮತ್ತೆ ಬಂದು ನೋಡುತ್ತಿದ್ದೆ, ಏನೂ ಇರುತ್ತಿರಲಿಲ್ಲ. ಆ ಮೌನಕ್ಕೆ ನನ್ನ ಮೈ ಉರಿಯುತ್ತಿತ್ತು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ, ಕಸ ಗುಡಿಸುವುದಕ್ಕೂ ಮೊದಲು, ಪದವನ್ನು ಇದ್ದ ಹಾಗೇ ತಿರುಗಿ ಹಾಕಿದೆ. ಕಾಯ್ದೆಯ ಪ್ರಕಾರ ಸರಿ ಇದೆ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಹದಿನಾರು ಜನ ಬರೆದಿದ್ದರು. ಖುಷಿಯಾಯಿತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ಅವತ್ತು ಖುಷಿಯೇ ಆಗಿತ್ತು.

ಒಂದು ವಾರ ಬಿಟ್ಟು ಮಾಸ್ತರ ಫೋನ್ ಬಂತು.

"ತಮ್ಮಾ, ಮತ್ತ ಹಚ್ಯಾರಲ್ಲೋ."

"ಕಾಯ್ದೇನ ಹಂಗ ಐತಿ ಯಪ್ಪಾ. ಇಪ್ಪತ್ತೊಂದು ದಿನದಾಗ ಕೋರ್ಟಿನ ಆರ್ಡರ್ ಬರಬೇಕಿತ್ತು. ಪದ ನಿಮ್ಮದ ಅನ್ನಾಕ ಏನರೆ ಸಾಕ್ಷಿ ಬೇಕಲ್ಲ."

 

"ಸಾಕ್ಷಿ ಹುಡುಕ್ಕೊಂಡು ಕೋರ್ಟಿಗಿ ಯಾಕ ಹೋಗ್ಲೋ? ಅದರಾಗ ನಿನ್ನ ದನಿ ಐತೆಲ್ಲ" ಎಂದರು. ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಅವರಿಗೆ ತಿಳಿಯದೆ ಕೇಳಿದ ಹಾಗಿತ್ತು. ಅವರು ಫೋನ್ ಇಟ್ಟರು.

ಶಟರ್ ಅರ್ಧ ಎಳೆದು ಕೂತು ಆ ಪದವನ್ನು ಹಚ್ಚಿ ಕೇಳಿದೆ. ಎರಡನೆಯ ಸಾಲಿಗೇ ನಾನು ಬರುತ್ತೇನೆ. ಇಪ್ಪತ್ತೈದು ದಾಟದ ದನಿ, ಮಾಸ್ತರ ದನಿಯ ಬೆನ್ನಿಗೆ ಬಿದ್ದು ಏರುವ ದನಿ. ಜಗತ್ತಿನಲ್ಲಿ ಈ ಪದ ಯಾರದೆಂದು ಎದೆ ಮುಟ್ಟಿ ಹೇಳಬಲ್ಲವನು ಇದ್ದರೆ ಅದು ನಾನು. ಗೊತ್ತಾದ ಮೇಲೂ ಇಟ್ಟುಕೊಂಡರೆ ಪಾಲುದಾರ ಎಂದು ವಕೀಲರು ಹೇಳಿದ್ದು ಯಾರಿಗೆ? ನನಗೆ ಮೊದಲ ದಿನವೇ ಗೊತ್ತಿತ್ತು. ಕೂತಲ್ಲೇ ಅತ್ತೆ.

ಪದವನ್ನು ಅಳಿಸಿದೆ. ಅದರ ಜಾಗದಲ್ಲಿ ಅದು ಯಾರು ಕಟ್ಟಿದ್ದು, ಹಾಡಿದವರು ಯಾರು, ಹಿಮ್ಮೇಳದಲ್ಲಿ ನಾನಿದ್ದೆ ಎಂದು ಬರೆದು ಹಾಕಿದೆ. ಬಬಲೇಶ್ವರ ಕಡೆಯವನು ಬಾಯಿಗೆ ಬಂದಂತೆ ಬೈದು, ಹೇಳಿದ ಹಾಗೆಯೇ ಮಂದಿಯನ್ನು ಕರೆದುಕೊಂಡು ಹೋದ. ಹೋಗಲಿ. ಆದರೆ ಆ ಪದ ಅಷ್ಟರೊಳಗೆ ನನ್ನ ಕೈ ಮೀರಿತ್ತು. ಬೇರೆ ವೆಬ್‌ಸೈಟುಗಳಲ್ಲಿ, ಮೆಮರಿ ಕಾರ್ಡುಗಳಲ್ಲಿ, ಟ್ರ್ಯಾಕ್ಟರಿನ ಸ್ಪೀಕರುಗಳಲ್ಲಿ ಅದು ಅವನ ಹೆಸರಿನಲ್ಲೇ ಓಡಾಡುತ್ತಿತ್ತು. ನಾನೊಬ್ಬ ತೆಗೆದದ್ದರಿಂದ ಯಾವುದೂ ತಿರುಗಿ ಬರಲಿಲ್ಲ.

ಮುಂದಿನ ಭಾನುವಾರ ಕಳ್ಳಕವಟಗಿಗೆ ಹೋದೆ. ದಾರಿಯುದ್ದಕ್ಕೂ, ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಾಸ್ತರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮೇಳಕ್ಕೆ ಹೊಸದಾಗಿ ಸೇರಿದ ಮೂವರು ಗಂಡಸರು. ನಾನು ಮೊಬೈಲ್ ತೆಗೆದು, ಪದ ಅಳಿಸಿದ್ದನ್ನೂ ಬರೆದದ್ದನ್ನೂ ತೋರಿಸಿದೆ. "ತಪ್ಪಾತು ಯಪ್ಪಾ" ಅಂದೆ.

"ಆಗ್ಲಿ, ಚಲೋ ಆತು" ಎಂದರು. ಒಳಗಿನಿಂದ ಹೊಸ ಜಮಖಾನೆ ತರಿಸಿ ಹಾಸಿದರು. ಚಹಾ ಕೊಡಿಸಿದರು. ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ ಕೇಳಿದರು.

ಹೊಸಬರಲ್ಲಿ ಒಬ್ಬ ನನ್ನನ್ನು ತೋರಿಸಿ, "ಇವರು ಯಾರ್ರಿ ಮಾಸ್ತರ?" ಎಂದ.

ಮಾಸ್ತರು ಚಹಾದ ಬಟ್ಟಲು ಕೆಳಗಿಟ್ಟರು. "ಇವರಾ? ವಿಜಯಪುರದಾಗ ಜೆರಾಕ್ಸ್ ಅಂಗಡಿ ಐತಿ ಇವರ್ದು. ಅರ್ಜಿ ಬರಿಯೂದು ಇದ್ರ ಹೋಗ್ರಿ, ಭಾಳ ಚಲೋ ಬರೀತಾರ" ಎಂದರು.

ಹದಿನೆಂಟು ವರ್ಷ ಅವರ ಬೆನ್ನ ಹಿಂದೆ ನಿಂತು ಹಾಡಿದವನು ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.