ಎಲ್ಲರೂ ಬಂದ್ರಾ?

ನಗರದ ಗಲಾಟೆ ತಪ್ಪಿಸಿಕೊಂಡು ಬಂದವರನ್ನು ಕಡಲಂಚಿನ ಬಂಡೆಗಳ ಮೇಲೆ ನಡೆಸಿಕೊಂಡು ಹೋಗುವ ಈ ಗೈಡು ಮುಂದೆ ನೋಡಿ ನಡೆದದ್ದನ್ನು ಕಂಡವರಿಲ್ಲ. ದಾರಿಗೆ ಬೆನ್ನು, ಜನಕ್ಕೆ ಮುಖ. ಬೆನ್ನಲ್ಲೂ ಕಣ್ಣಿದೆಯೋ ಏನೋ. ಯಾರಾದರೂ ಸೆಲ್ಫಿಗೆಂದು ಅಂಚಿಗೆ ಸರಿದರೆ, "ಸಮುದ್ರ ಎಲ್ಲೂ ಓಡಿಹೋಗಲ್ಲ ಅಕ್ಕಾ, ನೀವು ಈ ಕಡೆ ಬನ್ನಿ" ಎನ್ನುತ್ತಾನೆ. ತಿರುವು ಬಂದಾಗಲೆಲ್ಲ ನಿಂತು "ಎಲ್ಲರೂ ಬಂದ್ರಾ?" ಎಂದು ಕೇಳುತ್ತಾನೆ, "ಬಂದ್ವಿ" ಎಂಬ ದನಿ ಕೇಳದೆ ಹೆಜ್ಜೆ ಕದಲಿಸುವುದಿಲ್ಲ. ಸಂಜೆ ಅವರೆಲ್ಲ ಬಸ್ಸು ಹತ್ತಿ ಮೊಬೈಲಿನಲ್ಲಿ ಮುಳುಗುತ್ತಾರೆ. ಇವನು ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿ, ಬೀಗ ತೆಗೆದು, ಅಭ್ಯಾಸಬಲದಿಂದ ಹಿಂದೆ ತಿರುಗಿ "ಎಲ್ಲರೂ ಬಂದ್ರಾ?" ಎನ್ನುತ್ತಾನೆ. ಕೆಳಗಿನ ಮನೆಯ ಅಜ್ಜಿ "ಬಂದ್ವಪ್ಪಾ, ಬಾಗಿಲು ಹಾಕ್ಕೋ" ಎಂದು ಗದರಿದ ಮೇಲೆಯೇ ಒಳಗೆ ಹೋಗುವುದು. ಅಜ್ಜಿ ಮಗಳ ಮನೆಗೆ ಹೋದ ದಿನ, ತೆರೆದ ಬಾಗಿಲ ಮುಂದೆ ಅವನು ಬಹಳ ಹೊತ್ತು ನಿಂತೇ ಇದ್ದ.