ಬೆಳಕು ಬುಡು

ಕಂಪಲಾಪುರದಾಚೆಯ ನಮ್ಮೂರ ಕೆರೆಯಲ್ಲಿ, ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಬೆಳಗಿನ ಹನ್ನೊಂದು ಗಂಟೆ ಕಳೆದಿತ್ತು. ನೈದಿಲೆ ಹೂ ಕೀಳುವ, ಊರವರೆಲ್ಲ ಅಣ್ಣ ಎಂದೇ ಕರೆಯುತ್ತಿದ್ದ ಹಿರಿಯರು ಎಂದಿನಂತೆ ಸೊಂಟದುದ್ದ ನೀರಿನಲ್ಲಿ ನಿಂತು, ನೀರು ಮುಚ್ಚಿದ್ದ ಕತ್ತೆಕಿವಿ ಎಂಬ ತೇಲುಗಿಡವನ್ನು ತಬ್ಬಿ ತಬ್ಬಿ ದಡಕ್ಕೆ ಎಸೆಯುತ್ತಿದ್ದರು.

“ಏನಣ್ಣ, ಕೆರೆ ತಳಕ್ಕೆ ಲೈಟ್ ಹಾಕುಸ್ತಿದ್ದೀರಾ?” ಬಟ್ಟೆ ಒಗೆಯುತ್ತಿದ್ದ ನನ್ನ ಅತ್ತಿಗೆ ರೇಗಿಸಿದರು.

“ನೈದಿಲೆ ತನ್ಗೆ ಬೇಕಾದಷ್ಟು ಬಿಸ್ಲು ತಗೊಂಡು, ಮಿಕ್ಕಿದ್ದ ಸಂದೀಲಿ ಕೆಳೀಕೆ ಬುಡ್ತದೆ ಕಣವ್ವ. ಎಲ್ಲಿಂದ್ಲೋ ಬಂದ ಇದು ಅಷ್ಟನ್ನೂ ತಾನೇ ತಿಂತದೆ. ತಳದ ಪಾಚಿಗೂ ಬೆಳಕು ಬುಡ್ಬೇಕು.”

ದಿನವೂ ಅವರದು ಇದೇ ಮಾತು.

ಅಷ್ಟರಲ್ಲಿ, ತೇಲಿಹೋದ ರವಿಕೆಗೆ ಕೈಚಾಚಿದ ಅತ್ತಿಗೆ ಆಳಕ್ಕೆ ಜಾರಿದರು. ಗಿಡಗಳು ಅವರ ಮೇಲೆ ಮತ್ತೆ ಕೂಡಿಕೊಂಡವು. ಅಣ್ಣ ಮುಳುಗಿ ಬರಿಗೈಯಲ್ಲಿ ಎದ್ದರು. ಒಳಗೆಲ್ಲ ಕತ್ತಲೆ. ನಾನೂ ಧುಮುಕಲು ಹೋದೆ.

“ನೀ ಬೀಳ್ಬ್ಯಾಡ ಕಣ್ಲಾ, ಬೆಳಕು ಬುಡು!” ಅಣ್ಣ ಕೂಗಿದರು.

ನಾನೂ, ನೀರಿಗೆ ಬಂದಿದ್ದ ಪಕ್ಕದ ಮನೆಯ ಅಜ್ಜಿಯೂ ಗಿಡ ಎಳೆದೆವು. ಬಿಸಿಲು ನೀರೊಳಗೆ ಇಳಿಯಿತು. ಹಳದಿ ಸೀರೆ ಕಂಡಿತು. ಅಣ್ಣ ಇನ್ನೊಮ್ಮೆ ಮುಳುಗಿ ಅತ್ತಿಗೆಯನ್ನು ಎತ್ತಿ ತಂದರು.

ಇದೆಲ್ಲ ಆಗಿ ವರ್ಷಗಳಾದವು, ಅಣ್ಣ ಈಗಿಲ್ಲ. ಅಂದು ಕಂಡವರಲ್ಲಿ ನಾನಿದ್ದೇನೆ, ಆ ಅಜ್ಜಿ ಇದ್ದಾರೆ. ಅತ್ತಿಗೆಯೂ ಇದ್ದಾರೆ, ಬಟ್ಟೆ ನೆನೆಸುವ ಮೊದಲು ಒಂದು ತಬ್ಬು ಗಿಡ ಎಳೆದು ದಡಕ್ಕೆ ಹಾಕುತ್ತಾರೆ.