ಬೇಡವೆಂದ ಗ್ಲಾಸು

ಈಗತಾನೆ ಕಿತ್ತಳೆ ಸುಲಿಯುತ್ತಿದ್ದೆ. ಸಿಪ್ಪೆ ಬೆರಳಲ್ಲಿ ಮಡಿಚಿಕೊಂಡು ಸಣ್ಣಗೆ ಒಂದು ಹನಿ ಸಿಡಿಯಿತು ನೋಡಿ, ಎದೆ ಧಸಕ್ಕೆಂದಿತು. ನಿಮಗೆ ನಗು ಬರಬಹುದು. ಕಿತ್ತಳೆಯ ವಾಸನೆಗೆ ಹೆದರುವ ಹೆಂಗಸು ಇಡೀ ನ್ಯಾಮತಿಯಲ್ಲಿ ನಾನೊಬ್ಬಳೇ ಇರಬೇಕು. ಹಾವು ಬಂದರೆ ಪೊರಕೆ ಹಿಡಿದು ನಿಲ್ಲುವವಳು ನಾನು. ಆದರೆ ಈ ವಾಸನೆ ಬಂದರೆ ಮಾತ್ರ ತಕ್ಷಣ ನಮ್ಮವರು ಎಲ್ಲಿದ್ದಾರೆಂದು ಕಣ್ಣು ಹುಡುಕುತ್ತದೆ.

ನಮ್ಮವರೆಂದರೆ ನನ್ನ ಗಂಡ. ಹೊನ್ನಾಳಿಯಲ್ಲಿ ಸುಟ್ಟುಹೋದ ಪಂಪುಸೆಟ್ಟಿನ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಅವರದು. ಹಿಂದೆ ಕುಡಿಯುತ್ತಿದ್ದರು. ಹಬ್ಬಕ್ಕೋ ಮದುವೆಗೋ ಕುಡಿಯುವವರ ಥರ ಅಲ್ಲ, ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಬೇಕು ಅನ್ನುವಂಥ ಕುಡಿತ. ಸಾಸ್ವೆಹಳ್ಳಿ ರಸ್ತೆಯ ಬದಿಯಲ್ಲಿ ಬೈಕಿನ ಸಮೇತ ಬಿದ್ದಿದ್ದವರನ್ನು ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಕಾಲು ನೋಡಿದರು, ಆಮೇಲೆ ಹೊಟ್ಟೆ ಒತ್ತಿ ನೋಡಿದರು, ಆಮೇಲೆ ನನ್ನನ್ನು ಹೊರಗೆ ಕರೆದರು. "ಕಾಲು ಕೂಡಿಕೊಳ್ತದೆ. ಲಿವರ್ ಹೋಗ್ತಾ ಇದೆ. ಇನ್ನೊಂದು ಸಲ ಶುರು ಮಾಡಿದ್ರೆ ಇಲ್ಲಿಗೆ ಕರ್ಕೊಂಡು ಬರೋದು ಬೇಡಮ್ಮ," ಎಂದರು.

ಅವರು ಬಿಟ್ಟರು. ಹೇಗೆ ಬಿಟ್ಟರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮಾತೇ ನಮ್ಮ ಮನೆಯಲ್ಲಿ ಇಲ್ಲದಂತಾಯಿತು. ಎತ್ತಿದರೆ ನೆನಪಾಗಿಬಿಟ್ಟೀತು ಎಂದು ನನಗೆ ಹೆದರಿಕೆ. ಅದಕ್ಕೆ ಬಾಯಿ ಮುಚ್ಚಿಕೊಂಡು ಮೂಗಿನಿಂದ ಸಂಸಾರ ನಡೆಸುತ್ತಿದ್ದೆ. ಸಂಜೆ ಅವರು ಬರುವ ಹೊತ್ತಿಗೆ ಗೇಟಿನ ತನಕ ಹೋಗಿ ಕೈಯಿಂದ ಊಟದ ಡಬ್ಬಿ ಇಸಿದುಕೊಳ್ಳುವ ನೆಪದಲ್ಲಿ ಉಸಿರು ನೋಡುವುದು. ಪಕ್ಕದ ಮನೆಯ ಶಮೀಮಳಂತೂ, "ನೋಡ್ರೀ, ಮದ್ವೆಯಾಗಿ ಇಷ್ಟು ವರ್ಷ ಆದ್ರೂ ಅಕ್ಕಾವ್ರು ಗೇಟಿಗೆ ಬರ್ತಾರೆ. ನಾನು ಬಂದ್ರೆ ನೀವು ಸಾಲದೋರು ಬಂದ್ರು ಅಂತ ಓಡ್ತೀರಿ," ಎಂದು ತನ್ನ ಗಂಡನನ್ನು ಚುಚ್ಚುತ್ತಿದ್ದಳು. ನಾನು ನಾಚಿಕೊಂಡವಳಂತೆ ಸೆರಗು ಎಳೆದುಕೊಳ್ಳುತ್ತಿದ್ದೆ.

ಹೀಗಿರುವಾಗ ನನ್ನ ತಮ್ಮ ಮಂಜ ಮೂರು ಬಾಟಲಿ ಹಿಡಿದುಕೊಂಡು ಬಂದ.

ನನ್ನ ತವರು ಜಗಳೂರಿನ ಕಡೆಯ ಸೊಕ್ಕೆ. ಮಂಜ ಗೋವಾದ ಹೋಟೆಲೊಂದರ ಬಾರಿನಲ್ಲಿ ಡ್ರಿಂಕ್ಸ್ ಬೆರೆಸುವ ಕೆಲಸ ಕಲಿತು, ಈಗ ಹಡಗಿನ ಕೆಲಸಕ್ಕೆ ಅರ್ಜಿ ಹಾಕಿದ್ದ. ಇಂಟರ್‌ವ್ಯೂ ಫೋನಿನಲ್ಲೇ, ವಿಡಿಯೊದಲ್ಲಿ. ಅವರು ಹೇಳಿದ ಡ್ರಿಂಕನ್ನು ಅವರ ಕಣ್ಣೆದುರೇ ಬೆರೆಸಿ, ಒಬ್ಬ ಅತಿಥಿಯನ್ನು ಕೂರಿಸಿ ಬಡಿಸಬೇಕು. ಅತಿಥಿ ಒಂದು ಗುಟುಕು ಕುಡಿದು ರುಚಿ ಹೇಗಿದೆ ಹೇಳಬೇಕು. ಅಪ್ಪನ ಮನೆಯಲ್ಲಿ ಬಾಟಲಿ ತೆಗೆದರೆ ಅಪ್ಪ ಬಾಟಲಿಯ ಜೊತೆಗೆ ಇವನನ್ನೂ ಆಚೆ ಎಸೆಯುತ್ತಿದ್ದ.

"ಅಕ್ಕ, ನಿಮ್ಮನೇಲಿ ಫ್ರಿಜ್ ಐತೆ, ವೈಫೈ ಐತೆ. ಒಂದು ಮಧ್ಯಾಹ್ನ ಅಷ್ಟೇ. ಭಾವ ಅಂಗಡಿಗೆ ಹೋಗಿರ್ತಾರಲ್ಲ," ಅಂದ.

ಭಾವ ಹೋಗಿರುತ್ತಾರೆ ಎಂದೇ ನಾನೂ ಒಪ್ಪಿದ್ದು.

ಅಡುಗೆಮನೆಯ ಕಟ್ಟೆಯ ಮೇಲೆ ಅವನು ಬಾಟಲಿಗಳನ್ನು ಸಾಲಾಗಿಟ್ಟಾಗ ನಾನು ಹೋಗಿ ಕಿಟಕಿ ಮುಚ್ಚಿದೆ. ಒಂದು ಬೂರ್ಬನ್ ಎಂಬ ವಿಸ್ಕಿ. "ಇದನ್ನ ಮೆಕ್ಕೆಜೋಳದಿಂದಾನೇ ಮಾಡೋದು ಅಕ್ಕ. ನಮ್ಮ ಹೊಲದಾಗೆ ಬೆಳೀತೀವಲ್ಲ, ಅದೇ." ಇನ್ನೊಂದು ಸಿಹಿಯಾದ ಕೆಂಪು ವೈನು. ಮೂರನೆಯದು ಕುಂಕುಮದ ನೀರಿನಂತೆ ಕೆಂಪಗಿದ್ದು, ಬೇರು, ಸಿಪ್ಪೆ ನೆನೆಹಾಕಿ ಮಾಡಿದ ಕಹಿ ಮದ್ಯವಂತೆ. ಮೂರನ್ನೂ ಐಸಿನ ಮೇಲೆ ಸುರಿದು ಉದ್ದ ಚಮಚದಲ್ಲಿ ತಿರುವಬೇಕು, ಕುಲುಕಬಾರದು. ಕುಲುಕಿದರೆ ಕದಡುತ್ತದೆ. ಚಮಚದ ಬೆನ್ನು ಗಾಜಿಗೆ ಅಂಟಿಕೊಂಡೇ ಸುತ್ತಬೇಕು, ಸದ್ದು ಬರಬಾರದು. ಕೊನೆಗೆ ಕಿತ್ತಳೆ ಸಿಪ್ಪೆಯನ್ನು ಮೇಲೆ ಹಿಂಡಿ ವಾಸನೆ ಬಿಡಬೇಕು. ನಾನು ಸಾರಿನ ಪಾತ್ರೆಯನ್ನು ಅಷ್ಟು ಅಕ್ಕರೆಯಿಂದ ಎಂದೂ ತಿರುವಿದವಳಲ್ಲ.

ಎಲ್ಲ ಸಿದ್ಧವಾಗಿ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟಾಗ ಗೇಟು ಕಿರುಗುಟ್ಟಿತು. ಹೊನ್ನಾಳಿಯಲ್ಲಿ ಕರೆಂಟಿಲ್ಲವೆಂದು ನಮ್ಮವರು ಬಂದುಬಿಟ್ಟಿದ್ದರು. ಬಾಗಿಲಲ್ಲಿ ನಿಂತು ಬಾಟಲಿಗಳನ್ನು ನೋಡಿದರು. ಒಂದೊಂದನ್ನೇ ನೋಡಿದರು.

"ಪರೀಕ್ಷೆ ಭಾವ," ಅಂದ ಮಂಜ, ಬೆವರೊರೆಸಿಕೊಳ್ಳುತ್ತ.

"ಮಾಡಪ್ಪ, ನಾನೇನು ಬ್ಯಾಡ ಅಂದ್ನಾ?" ಎಂದು ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಅತಿಥಿಯಾಗಿ ನಾನೇ ಕೂತೆ. ಜನ್ಮದಲ್ಲಿ ಮುಟ್ಟದ್ದನ್ನು ಆ ದಿನ ಕುಡಿಯಲು ತಯಾರಾಗಿದ್ದೆ, ಆ ಕುರ್ಚಿ ಅವರಿಗೆ ಖಾಲಿ ಸಿಗಬಾರದೆಂಬ ಒಂದೇ ಕಾರಣಕ್ಕೆ. ಫೋನಿನಲ್ಲಿ ಕನ್ನಡಕದ ಹೆಣ್ಣುಮಗಳೊಬ್ಬಳು ಶುರು ಮಾಡು ಎಂದು ಹಿಂದಿಯಲ್ಲಿ ಹೇಳಿದಳು. ಮಂಜ ಬೆರೆಸಿದ, ಸೋಸಿದ, ಎಡಗೈ ಬೆನ್ನ ಹಿಂದೆ ಕಟ್ಟಿ, ಉದ್ದ ಕಾಲಿನ ಗ್ಲಾಸನ್ನು ನನ್ನ ಮುಂದಿಟ್ಟು ಬಾಗಿದ. "ಮ್ಯಾಡಮ್, ನಿಮ್ಮ ಡ್ರಿಂಕ್."

"ಅಯ್ಯೋ, ಬ್ಯಾಡ ರೀ, ಯಾಕೆ ತೊಂದ್ರೆ," ಅಂದುಬಿಟ್ಟೆ.

ನಮ್ಮ ಕಡೆ ಹಾಗೇ ಅಲ್ಲವೇ? ಯಾರ ಮನೆಯಲ್ಲೇ ಕೂತರೂ ಮೊದಲ ಸಲಕ್ಕೆ ಬೇಡ ಅನ್ನಬೇಕು. ಅವರು ಒತ್ತಾಯ ಮಾಡಬೇಕು, ಇನ್ನೊಮ್ಮೆ ಬೇಡ ಅನ್ನಬೇಕು, ಆಮೇಲೆ ತಗೋಬೇಕು. ಕೊಟ್ಟ ಕೂಡಲೇ ಕೈ ಚಾಚಿದರೆ ಹೊಟ್ಟೆಗಿಲ್ಲದೆ ಬಂದವರು ಅಂದುಕೊಳ್ಳುತ್ತಾರೆ. ಬಾಯಿ ತನ್ನ ಅಭ್ಯಾಸದಂತೆ ಆಡಿತು. ಮಂಜ ಒತ್ತಾಯ ಮಾಡುತ್ತಾನೆಂದು ಕಾಯುತ್ತಿದ್ದೆ. ಅವನು, "ಸರಿ ಮ್ಯಾಡಮ್," ಎಂದು ಗ್ಲಾಸನ್ನು ಎತ್ತಿಕೊಂಡು ಹೋಗಿಯೇಬಿಟ್ಟ! ಅವನ ವಿದ್ಯೆಯಲ್ಲಿ ಅದೇ ಮೊದಲ ಪಾಠವಂತೆ. ಬೇಡ ಅಂದವರಿಗೆ ಎರಡನೇ ಸಲ ಕೇಳಬಾರದು.

ಫೋನಿನವಳು ಏನೋ ಅಂದಳು. ಮಂಜ ನನ್ನ ಕಡೆ ತಿರುಗಿದ. "ಅಕ್ಕ, ಇನ್ನೊಬ್ಬ ಗೆಸ್ಟ್ ಬೇಕಂತೆ. ಹೊಸದಾಗಿ ಮಾಡ್ಬೇಕಂತೆ."

"ನಾನ್ ಕೂರ್ತೀನಿ ಬಿಡು," ಅಂದರು ನಮ್ಮವರು.

ಬೇಡ ರೀ ಎಂದು ಕೂಗಬೇಕಿತ್ತು. ಆಗತಾನೆ ಬೇಡದ ಕಡೆ ಬೇಡ ಅಂದ ನಾಲಗೆ ಈಗ ಅಂಟಿಕೊಂಡಿತು. ಇಷ್ಟು ವರ್ಷ ಎತ್ತದ ಮಾತನ್ನು ಒಂದು ಗಳಿಗೆಯಲ್ಲಿ ಹೇಗೆ ಎತ್ತುವುದು? ನಾನು ಎದ್ದೆ, ಅವರು ಕೂತರು. ಮಂಜ ಬಾಯೊಳಗೇ "ಭಾವ, ಬ್ಯಾಡ" ಎಂದ. ಅವರು ಕಣ್ಣಲ್ಲೇ ಫೋನಿನ ಕಡೆ ತೋರಿಸಿದರು, ನಡೆಸು ಎಂಬಂತೆ.

ಮಂಜ ತಿರುವತೊಡಗಿದ. ಸದ್ದಿಲ್ಲ. ಸದ್ದಾದರೂ ಬರಬಾರದೇ ಎನಿಸಿತು. ಫ್ಯಾನು ತಿರುಗುತ್ತಿತ್ತು, ಚಮಚ ತಿರುಗುತ್ತಿತ್ತು, ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಕಿತ್ತಳೆ ಸಿಪ್ಪೆ ಹಿಂಡಿದ. ಗ್ಲಾಸು ಅವರ ಮುಂದೆ ಬಂತು.

ಅವರು ಗ್ಲಾಸಿನ ಕಾಲು ಹಿಡಿದು ಅದನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಬಗ್ಗಿ ಮೂಸಿದರು. ಉಸಿರನ್ನು ಒಳಗೆ ಎಳೆದುಕೊಂಡವರು ಬಿಡಲೇ ಇಲ್ಲ ಅನಿಸಿತು ನನಗೆ. ತಂತಿ ಸುತ್ತಿ ಸುತ್ತಿ ಗಟ್ಟಿಯಾದ ಆ ಬೆರಳು ಗ್ಲಾಸಿನ ಕಾಲನ್ನು ಬಿಡಲಿಲ್ಲ. ನಾನು ಕಟ್ಟೆಯ ಅಂಚನ್ನು ಹಿಡಿದುಕೊಂಡಿದ್ದೆ.

"ಬ್ಯಾಡ," ಅಂದರು. ಆಮೇಲೆ ಫೋನಿನ ಕಡೆ ತಿರುಗಿ, ಅವಳಿಗೆ ಕನ್ನಡ ಬರುತ್ತದೋ ಇಲ್ಲವೋ ನೋಡದೆ, "ನಾನು ಕುಡುಕ ಇದ್ದೆ ಮೇಡಂ. ಬಿಟ್ಟೀನಿ. ಇದು ಚೆನ್ನಾಗೈತೆ, ವಾಸ್ನೆನೇ ಹೇಳ್ತದೆ. ನಮ್ಮ ಹುಡ್ಗ ಚೆನ್ನಾಗಿ ಮಾಡ್ಯಾನೆ. ಆದ್ರೆ ನನಗೆ ಬ್ಯಾಡ."

ಮಂಜ ನೆಟ್ಟಗೆ ನಿಂತು, ಎಡಗೈ ಬೆನ್ನ ಹಿಂದೆ ಕಟ್ಟಿ, "ಸರಿ ಸರ್. ನಿಂಬೆಹಣ್ಣಿನ ಪಾನಕ ತರ್ಲಾ?" ಎಂದು ಗ್ಲಾಸು ತೆಗೆದ. ತೆಗೆಯುವಾಗ ಅವನ ಕಣ್ಣಲ್ಲಿ ನೀರಿತ್ತು, ಕೈಯಲ್ಲಿದ್ದ ಗ್ಲಾಸು ಮಾತ್ರ ತುಳುಕಲಿಲ್ಲ.

ಆ ಕಂಪನಿಯವರು ಅವನನ್ನು ತಗೊಳ್ಳಲಿಲ್ಲ, ಬೇರೆಯವರು ತಗೊಂಡರು. ಈಗ ಯಾವುದೋ ಸಮುದ್ರದ ಮೇಲಿದ್ದಾನೆ. ಎರಡು ಗ್ಲಾಸಿನದನ್ನೂ ಆ ದಿನ ಬಚ್ಚಲಿಗೆ ಸುರಿದವಳು ನಾನೇ. ಬೂದಿ ಹಾಕಿ ತಿಕ್ಕಿದರೂ ವಾರಗಟ್ಟಲೆ ಬಚ್ಚಲು ಘಮಘಮ ಅನ್ನುತ್ತಿತ್ತು, ನಾನು ಬೆಚ್ಚುತ್ತಲೇ ಇದ್ದೆ.

ಹೆದರಿಕೆ ಹೋಯಿತು ಎಂದು ಮಾತ್ರ ತಿಳಿಯಬೇಡಿ. ಅವರ ಉಸಿರು ನಿಂತಂತಾದ ಆ ಗಳಿಗೆಯನ್ನು ಕಂಡ ಮೇಲೆ ಹೆಚ್ಚೇ ಆಗಿದೆ. ಆದರೆ ಕುಡಿತದ ಮಾತು ಈಗ ಮನೆಯೊಳಗೆ ಬಂದಿದೆ. ಒಂದು ಸಲ ಚನ್ನಗಿರಿಯ ಮದುವೆಯಲ್ಲಿ ಬೀಗರೊಬ್ಬರು ಕುಡಿಯಲು ಕೈ ಹಿಡಿದು ಎಳೆದಾಗ ಎಲ್ಲರೆದುರು, "ಬಿಟ್ಟೀನಿ ಕಣ್ರೀ, ಸಾಯೋದಿತ್ತು," ಎಂದರಂತೆ.

ಅವರು ಈಗ ಬಂದರು. ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾರೆ. ನಾನು ಟವೆಲ್ ಕೊಟ್ಟು ನಿಂತೆ. ಇಷ್ಟು ದಿನ ಕೇಳಬೇಕೆಂದುಕೊಂಡು ಕೇಳದೇ ಇದ್ದದ್ದನ್ನು ಕೇಳಿಯೇಬಿಟ್ಟೆ.

"ಇವತ್ತು ಆಸೆ ಆಯ್ತಾ ರೀ?"

ಅವರು ಮುಖ ಒರೆಸಿಕೊಂಡರು. "ಹೂಂ. ಹೊನ್ನಾಳಿ ಬಸ್‌ಸ್ಟ್ಯಾಂಡಿನಾಗೆ. ಜೋರಾಗೇ ಆಯ್ತು. ಅಷ್ಟರಲ್ಲಿ ಬಸ್ ಬಂತು, ಹತ್ತಿಬಿಟ್ಟೆ."

"ನಾಳೆ?"

"ನಾಳೆನೂ ಕೇಳು," ಅಂದರು.